ಘಾಟು

ಹೆಂಡತಿಯ ಹೆಗಲಿನ ಪಕ್ಕ ಸಿಕ್ಕಿಕೊಂಡಿದ್ದ ಒಣಮೆಣಸಿನಕಾಯೊಂದನ್ನು ಗ್ವಾಂಗ್‌ಪೇ ಎರಡು ಬೆರಳಲ್ಲಿ ಹಿಡಿದೆಳೆದು, ಅಂಗಳದ ಕಡೆ ಒಮ್ಮೆ ಕಣ್ಣು ಹಾಯಿಸಿ, ಜೇಬಿಗೆ ಹಾಕಿಕೊಂಡ.

“ಇನ್ನೂ ಇದಾವಾ?” ಶವಪೆಟ್ಟಿಗೆಯ ಆಚೆ ಬದಿಯಿಂದ ಲಾವೂ ಬಗ್ಗಿ ಕೇಳಿದ.

“ಕಾಲ ಹತ್ರ ನೋಡು. ಬೀಜ ಎಲ್ಲಾ ಮೂಲೆ ಸೇರ್ಕೊಂಡಿದೆ.”

“ಬೀಜ ಯಾರು ನೋಡ್ತಾರೆ, ಬಿಡಣ್ಣ.”

“ಭಾವ ನೋಡ್ತಾರೆ. ತಂಗೀನ ಮೆಣಸಿನಕಾಯಿ ಮೂಟೆಯೊಳಗೆ ತುರುಕಿದೀರ ಅಂತಾರೆ.”

ಹಾಗೆಂದವನಿಗೇ ಸೀನು ಬಂತು. ಅವನು ಮುಖ ಆಚೆ ತಿರುಗಿಸಿ, ತೋಳಿನಲ್ಲಿ ಬಾಯಿ ಮುಚ್ಚಿಕೊಂಡು ಸೀನಿದ.

ತಪ್ಪು ಯಾರದೂ ಅಲ್ಲ, ಯಿನ್‌ಫೆನ್‌ಳದೇ. ಅರವತ್ತು ದಾಟಿದ ವರ್ಷ ಎಲ್ಲರೂ ಮಾಡಿಸುವಂತೆ ಗಂಡಹೆಂಡಿರಿಬ್ಬರೂ ತಮ್ಮ ತಮ್ಮ ಪೆಟ್ಟಿಗೆ ಮಾಡಿಸಿ, ಕಪ್ಪು ಅರಗು ಬಳಿಸಿ ಹಿಂದಿನ ಕೋಣೆಯಲ್ಲಿ ಇಟ್ಟಿದ್ದರು. ಸುಮ್ಮನೆ ಬಿದ್ದಿರುವ ಪಾತ್ರೆ ಕಂಡರೆ ಯಿನ್‌ಫೆನ್‌ಗೆ ಆಗುತ್ತಿರಲಿಲ್ಲ. “ಇಲಿ ಹೋಗಲ್ಲ, ತೇವ ತಾಗಲ್ಲ. ನಾನು ಮಲಗೋ ತನಕ ಮೆಣಸಿನಕಾಯಿ ಮಲಗಲಿ” ಎಂದು ವರ್ಷವರ್ಷವೂ ಒಣಗಿದ ಕಾಯನ್ನೆಲ್ಲ ತನ್ನ ಪೆಟ್ಟಿಗೆಗೆ ತುಂಬಿದಳು. ಗಂಡನದರಲ್ಲಿ ಜೋಳ. ಮೊನ್ನೆ ಸಂಜೆ ಅವಳನ್ನು ಮಲಗಿಸಬೇಕಾದಾಗ ಊರಿನವರು ಆ ಕಾಯನ್ನೆಲ್ಲ ತೋಳಿಗೆ ತುಂಬಿಕೊಂಡು ಒಯ್ದು ಒಲೆಮನೆಯ ಮೂಲೆಗೆ ಸುರಿದಿದ್ದರು. ಆಗ ಎಲ್ಲರೂ ಮೂಗು ಒರೆಸುತ್ತಿದ್ದರು, ಎಲ್ಲರ ಕಣ್ಣೂ ಕೆಂಪಾಗಿತ್ತು. ಯಾರದು ದುಃಖ, ಯಾರದು ಘಾಟು ಎಂದು ಹೇಳುವುದು ಕಷ್ಟವಾಗಿತ್ತು.

ಗ್ವಾಂಗ್‌ಪೇ ಮಾತ್ರ ಅತ್ತಿರಲಿಲ್ಲ. ಗರ ಬಡಿದವನಂತೆ ನಿಂತುಬಿಟ್ಟಿದ್ದ. ಯಾರೋ ತಲೆಗೆ ಬಿಳಿ ಬಟ್ಟೆ ಸುತ್ತಿದರು, ಸುತ್ತಿಸಿಕೊಂಡ. ಯಾರೋ ಬಟ್ಟಲು ಕೈಗಿಟ್ಟರು, ಉಂಡ. ಉಂಡದ್ದೇನೆಂದು ಈಗ ಕೇಳಿದರೆ ಹೇಳಲಾರ.

“ನೆನಪಿದೆಯಲ್ಲ ಏನು ಹೇಳ್ಬೇಕು ಅಂತ?” ಲಾವೂ ದನಿ ತಗ್ಗಿಸಿದ. ಪಕ್ಕದ ಮನೆಯವನು ಅವನು, ಇಸ್ಪೀಟಿನ ಜೊತೆಗಾರ. ಬಾಯಿ ಜೋರು ಎಂಬ ಒಂದೇ ಕಾರಣಕ್ಕೆ ಊರಿನ ಮದುವೆ ಸಾವುಗಳ ಉಸ್ತುವಾರಿಯೆಲ್ಲ ಅವನ ತಲೆಗೇ ಬರುತ್ತಿತ್ತು. “ನಿದ್ದೇಲಿ ಹೋದ್ಲು. ನೀನು ಪಕ್ಕದಲ್ಲೇ ಇದ್ದೆ. ಅಷ್ಟೇ. ಮಿಕ್ಕಿದ್ದು ನಾನು ನೋಡ್ಕೋತೀನಿ.”

ಗ್ವಾಂಗ್‌ಪೇ ತಲೆಯಾಡಿಸಿದ. ಗುಯ್‌ಝೌ ಪ್ರಾಂತ್ಯದ ಬೆಟ್ಟಗಳ ಈ ಕಡೆ ಹೆಣ್ಣು ಸತ್ತರೆ ತವರಿನವರು ಬಂದು ಮುಖ ನೋಡಬೇಕು, ಹೇಗಾಯಿತೆಂದು ಕೇಳಬೇಕು, ಒಪ್ಪಬೇಕು. ಅವರು ಹೂಂ ಅನ್ನುವ ತನಕ ಮುಚ್ಚಳಕ್ಕೆ ಮೊಳೆ ಬೀಳುವುದಿಲ್ಲ. ಅವರು ಒಲ್ಲೆವೆಂದರೆ ಪುರೋಹಿತ ಇಟ್ಟ ಮುಹೂರ್ತಕ್ಕೂ ಬೆಲೆಯಿಲ್ಲ, ಹೆಣ ನಡುಮನೆಯಲ್ಲೇ ಉಳಿಯುತ್ತದೆ. ಮುಹೂರ್ತ ಇದ್ದದ್ದು ಇವತ್ತು ಮಧ್ಯಾಹ್ನಕ್ಕೆ. ನದಿಯಾಚೆಯಿಂದ ಯಿನ್‌ಫೆನ್‌ಳ ಅಣ್ಣ ದೆಚಾವ್ ಆಗಲೇ ಹೊರಟಿದ್ದಾನೆಂದು ಫೋನು ಬಂದಿತ್ತು.

“ಅಪ್ಪಾ.”

ಮಗಳು ಹೈಯೆನ್ ಬಾಗಿಲಲ್ಲಿ ನಿಂತಿದ್ದಳು. ತಾಲ್ಲೂಕು ಪೇಟೆಯಲ್ಲಿ ಅವಳದೊಂದು ನೂಡಲ್ಸ್ ಅಂಗಡಿ. ಅಲ್ಲಿನ ಗಿರಾಕಿಗಳು ಬರುತ್ತಿದ್ದುದು ನೂಡಲ್ಸಿಗಲ್ಲ, ಮೇಲೆ ಉದುರಿಸುವ ಅವಳಮ್ಮನ ಖಾರದ ಪುಡಿಗೆ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಈಗ ಅವಳ ಕೈಯಲ್ಲಿ ಮನೆಯ ಖಾರದ ಜಾಡಿ.

“ಅಪ್ಪಾ, ಜಾಡಿ ಖಾಲಿ. ಹೊರಗಡೆ ತೋಫು ಬೆಂದಿದೆ. ಜನ ಏನು ನಂಜ್ಕೋತಾರೆ?”

“ಪೇಟೆಯಿಂದ ಪ್ಯಾಕೆಟ್ ತರಿಸಿದ್ರಾಯ್ತಮ್ಮ,” ಎಂದ ಲಾವೂ.

“ಅಮ್ಮನ ಊಟಕ್ಕೆ ಪ್ಯಾಕೆಟ್ ಖಾರವಾ? ಅವಳು ಎದ್ದು ಬಂದು ನಿಮ್ಮ ಕಿವಿ ಹಿಂಡ್ತಾಳೆ, ಚಿಕ್ಕಪ್ಪ.” ಹೈಯೆನ್ ನಗಲು ಹೋದಳು, ಆಗಲಿಲ್ಲ. ಜಾಡಿಯನ್ನು ಬೋರಲು ಮಾಡಿ ತಳ ತಟ್ಟಿದಳು. ಕೆಂಪು ಧೂಳು ಚಿಟಿಕೆಯಷ್ಟು ಉದುರಿತು.

ಆ ತಟ್ಟುವ ಸದ್ದಿಗೆ ಗ್ವಾಂಗ್‌ಪೇ ಬೆಚ್ಚಿ ತಿರುಗಿದ.

*

ಮೊನ್ನೆ ಬೆಳಿಗ್ಗೆ ಅದೇ ಜಾಡಿಯನ್ನು ಅದೇ ಥರ ಬೋರಲು ಮಾಡಿ ತಟ್ಟಿದವನು ಅವನು.

“ಏನೇ ಮುದುಕಿ, ಜಾಡಿಗೆ ಉಪವಾಸ ಹಾಕಿದೀಯಾ?”

“ನಿನ್ನ ನಾಲಿಗೆಗೆ ಹಾಕ್ಬೇಕು ಉಪವಾಸ. ಮೊನ್ನೆ ಮೊನ್ನೆ ತುಂಬಿಟ್ಟಿದ್ದು, ಖಾರ ತಿಂತೀಯೋ ಖಾರದಲ್ಲಿ ಸ್ನಾನ ಮಾಡ್ತೀಯೋ.” ಯಿನ್‌ಫೆನ್ ಎಡತೋಳನ್ನು ಒತ್ತಿಕೊಳ್ಳುತ್ತಿದ್ದಳು. “ತೋಳು ಯಾಕೋ ಸೆಳೀತಿದೆ. ನಾಳೆ ಕುಟ್ತೀನಿ ತಗೋ.”

“ನಾಳೆ ತನಕ ಸಪ್ಪೆ ತಿನ್ಲಾ? ಸುಟ್ಟು ಕೊಡು ಸಾಕು, ಕುಟ್ಟೋದು ನಾನು ಕುಟ್ತೀನಿ.”

“ಓಹೋ! ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?”

ಆದರೂ ಎದ್ದಳು. ಪೆಟ್ಟಿಗೆಗೆ ಬಗ್ಗಿ ಮೂರು ಜಾತಿಯ ಕಾಯಿ ಆರಿಸಿದಳು, ಬಣ್ಣಕ್ಕೊಂದು, ಘಮಕ್ಕೊಂದು, ಉರಿಗೊಂದು. ನಾಲಿಗೆ ಜುಮ್ಮೆನ್ನಿಸುವ ಬೆಟ್ಟದ ಕಾಳು, ಎಳ್ಳು, ಉಪ್ಪು ಎಲ್ಲ ಪಕ್ಕಕ್ಕಿಟ್ಟುಕೊಂಡಳು. ಬಾಣಲೆಯಲ್ಲಿ ಹುರಿಯುವುದು ಅವಳಿಗೆ ಸೋಮಾರಿಗಳ ಕೆಲಸ. ಸೌದೆ ಒಲೆಯ ಕೆಂಡವನ್ನು ಪಕ್ಕಕ್ಕೆ ಸರಿಸಿ, ಬಿಸಿ ಬೂದಿಯೊಳಗೆ ಕಾಯಿ ಹುಗಿದು, ಇಕ್ಕಳದಲ್ಲಿ ಮಗುಚುತ್ತಾ ಕೂರುವಳು. ಕಾಯಿ ಉಬ್ಬಿ ಕಂದಾದ ಗಳಿಗೆಯಲ್ಲೇ ತೆಗೆಯಬೇಕು. ಒಂದುಸಿರು ಮುಂಚೆ ತೆಗೆದರೆ ಹಸಿ, ಒಂದುಸಿರು ತಡವಾದರೆ ಇದ್ದಿಲು.

“ಇನ್ನು ಹೊರಡು. ಘಾಟು ಏಳುತ್ತೆ,” ಎಂದು ಗಂಡನನ್ನು ದಬ್ಬಿ ಒಲೆಮನೆಯ ಬಾಗಿಲು ಹಾಕಿಕೊಂಡಳು.

ಆ ಬಾಗಿಲು ಹಾಕಿಕೊಳ್ಳುವುದು ಅತ್ತೆಯ ಕಾಲದ ರೂಢಿ. ಗ್ವಾಂಗ್‌ಪೇಯ ತಾಯಿಗೆ ಉಬ್ಬಸವಿತ್ತು, ಘಾಟು ತಾಗಿದರೆ ರಾತ್ರಿಯೆಲ್ಲ ಗೊರಗೊರ. ಅವಳು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಬಾಗಿಲು ಮಾತ್ರ ಮುಚ್ಚಿಕೊಂಡೇ ಇತ್ತು, ಯಾರೂ ತೆರೆ ಎಂದಿರಲಿಲ್ಲ. ತೆರೆದರೆ ಕೆಮ್ಮುವವರು ತಾವೇ ತಾನೆ.

ಗ್ವಾಂಗ್‌ಪೇ ಲಾವೂನ ಅಂಗಳದಲ್ಲಿ ಇಸ್ಪೀಟಿಗೆ ಕೂತ. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಕೆಮ್ಮು ಶುರುವಾಯಿತು. ಯಾವಾಗಿನದೇ ಕೆಮ್ಮು. ಆಮೇಲೆ ಜೋರಾಯಿತು.

“ಅಣ್ಣ, ಅತ್ತಿಗೆ ಈ ಸಲ ಊರನ್ನೇ ಓಡಿಸ್ತಾರೆ,” ಎಂದ ಲಾವೂ.

ಗ್ವಾಂಗ್‌ಪೇ ಗೋಡೆಯ ಕಡೆ ತಿರುಗಿ ಕೂಗಿದ: “ಏ ಮುದುಕಿ! ಈ ಸಲದ ಕಾಯಿ ಗಂಡು ಕಾಯಿ ಕಣೇ! ಸೋತುಬಿಟ್ಯಾ?”

ಎಲ್ಲರೂ ನಕ್ಕರು. ಇಂಥ ಮಾತಿಗೆ ಒಳಗಿನಿಂದ ತಿರುಗೇಟು ಬಾರದೆ ಇದ್ದ ದಿನವಿಲ್ಲ. ಅವತ್ತು ಬರಲಿಲ್ಲ, ಕೆಮ್ಮು ಮಾತ್ರ ಬಂತು. ಕೈಯಲ್ಲಿ ಒಳ್ಳೆ ಎಲೆ ಬಿದ್ದಿದ್ದವು, ಅವನು ಅದರಲ್ಲಿ ಮುಳುಗಿದ. ಕೆಮ್ಮು ನಿಂತಾಗ, ಸುಟ್ಟು ಮುಗಿಯಿತು, ಈಗ ಕುಟ್ಟಲು ಕರೆಯುತ್ತಾಳೆ ಎಂದುಕೊಂಡ. ಕರೆಯಲಿಲ್ಲ. ಬದುಕಿದೆ ಎಂದುಕೊಂಡು ಇನ್ನೊಂದು ಆಟಕ್ಕೆ ಎಲೆ ಕಲೆಸಿದ.

*

ಪಟಾಕಿ ಸರ ಸಿಡಿಯಿತು. ಯಿನ್‌ಫೆನ್‌ಳ ತವರಿನ ರಾನ್ ಮನೆತನದವರು ಜಾಗಟೆ ಬಾರಿಸುತ್ತ ಅಂಗಳದ ಬಾಯಿಗೆ ಬಂದರು. ಗ್ವಾಂಗ್‌ಪೇ ಹಣೆ ನೆಲಕ್ಕೆ ತಾಗುವಂತೆ ಮಂಡಿಯೂರಿದ. ದೆಚಾವ್ ಅವನ ಭುಜ ಮುಟ್ಟಿ ಎಬ್ಬಿಸಬೇಕು, ಅದು ಪದ್ಧತಿ. ದೆಚಾವ್ ಮುಟ್ಟಲಿಲ್ಲ, ದಾಟಿ ಒಳಗೆ ನಡೆದ.

ಎಂಬತ್ತರ ಹತ್ತಿರದ ಮುದುಕ, ಕೋಲು ಹಿಡಿದಿದ್ದರೂ ಬೆನ್ನು ನೆಟ್ಟಗೆ. ಪೆಟ್ಟಿಗೆಯ ಅಂಚು ಹಿಡಿದು ತಂಗಿಯ ಮುಖದ ಮೇಲೆ ಬಾಗಿದ. ನಡುಮನೆಯಲ್ಲಿ ಉಸಿರಾಟದ ಸದ್ದೂ ಇರಲಿಲ್ಲ. ಆಗ ದೆಚಾವ್ ಸೀನಿದ. ಒಂದಲ್ಲ, ಸಾಲಾಗಿ ಮೂರು. ಹಿಂದೆ ಯಾರಿಗೋ ನಗೆ ಉಕ್ಕಿ, ಕೈಯಿಂದ ಬಾಯಿ ಮುಚ್ಚಿಕೊಂಡರು.

“ಏನಿದು ವಾಸನೆ?”

“ಅದು... ಅಮ್ಮ ಮೆಣಸಿನಕಾಯಿ ಇದರಲ್ಲೇ ಇಡ್ತಿದ್ಲು, ಮಾವ,” ಎಂದಳು ಹೈಯೆನ್.

ಬೈಗುಳ ಬೀಳುತ್ತದೆಂದು ಗ್ವಾಂಗ್‌ಪೇ ಕುತ್ತಿಗೆ ತಗ್ಗಿಸಿದ. ದೆಚಾವ್ ಮೂಗು ಒರೆಸಿಕೊಂಡು, “ಚಿಕ್ಕಂದಿನಿಂದ ಅವಳ ವಾಸನೆ ಇದೇ” ಎಂದ. ಆಮೇಲೆ ಕೇಳಿದ: “ಹೇಗಾಯ್ತು?”

“ನಿದ್ದೇಲಿ ಹೋದ್ರು, ದೊಡ್ಡಣ್ಣ,” ಲಾವೂ ಮುಂದೆ ಬಂದ. “ದೀಪ ಆರಿದ ಹಾಗೆ. ಪುಣ್ಯವಂತೆ. ಅಣ್ಣ ಪಕ್ಕದಲ್ಲೇ—”

“ನಿನ್ನ ಕೇಳ್ಲಿಲ್ಲ.”

ದೆಚಾವ್ ತಂಗಿಯ ಬಲಗೈ ಎತ್ತಿ ಬೆಳಕಿಗೆ ಹಿಡಿದ. ಇನ್ನೊಂದು ಪಕ್ಕದ ಮನೆಯ ಪೆಂಗ್ ಅತ್ತಿಗೆ ಮೈ ತೊಳೆದಿದ್ದಳು, ಹೊಸ ನೀಲಿ ಅಂಗಿ ತೊಡಿಸಿದ್ದಳು, ಕೂದಲು ಬಾಚಿದ್ದಳು. ಉಗುರಿನ ಸಂದಿಯದು ಮಾತ್ರ ಹೋಗಿರಲಿಲ್ಲ.

“ನಿದ್ದೇಲಿ ಹೋದವಳ ಉಗುರಲ್ಲಿ ಒಲೆ ಬೂದಿ ಹೇಗೆ ಬಂತು?”

ಲಾವೂ ಒಂದು ಹೆಜ್ಜೆ ಹಿಂದೆ ಸರಿದ. ಪುರೋಹಿತ ಕೈಯಲ್ಲಿದ್ದ ಗಂಟೆ ಕೆಳಗಿಟ್ಟ. ಎಲ್ಲರೂ ಗ್ವಾಂಗ್‌ಪೇಯ ಕಡೆ ನೋಡಿದರು. ನಿದ್ದೇಲಿ ಹೋದ್ಲು, ಪಕ್ಕದಲ್ಲೇ ಇದ್ದೆ. ನಾಲ್ಕೇ ಮಾತು. ಎರಡು ದಿನದಿಂದ ಬಾಯಿಪಾಠ ಮಾಡಿದ್ದ. ಆದರೆ ಆ ಉಗುರು ಕಂಡ ಮೇಲೆ ಅವನ ಬಾಯಿಗೆ ಬಂದದ್ದು ಬೇರೆಯೇ ಮಾತು.

“ಮೆಣಸಿನಕಾಯಿ ಸುಡ್ತಿದ್ಲು, ಭಾವ. ಒಬ್ಬಳೇ. ಬಾಗಿಲು ಹಾಕ್ಕೊಂಡು,” ಎಂದ. “ಕೆಮ್ಮು ಕೇಳಿಸ್ತು ನನಗೆ. ಘಾಟಿನ ಕೆಮ್ಮು ಅಂದ್ಕೊಂಡೆ. ಉಸಿರು ಸಿಗದೆ ಒದ್ದಾಡ್ತಿದ್ಲು, ನಾನು... ನಾನು ತಮಾಷೆ ಮಾಡಿ ನಕ್ಕೆ, ಭಾವ. ಎಲೆ ಆಡ್ತಾ ಕೂತಿದ್ದೆ.”



“ಆಸ್ಪತ್ರೆಯವರು ಹೃದಯ ಅಂದ್ರು,” ಲಾವೂನ ದನಿ ಈಗ ಸಣ್ಣದಾಗಿತ್ತು. “ಆಗಲೇ ನೋಡಿದ್ರೂ ಉಳೀತಿದ್ರೋ ಇಲ್ವೋ ಹೇಳೋಕಾಗಲ್ಲ ಅಂದ್ರು.” ತಡೆದು ಹೇಳಿದ: “ನಕ್ಕಿದ್ದು ನಾನೂ.”

ಮೂಲೆಯಿಂದ ಪೆಂಗ್ ಅತ್ತಿಗೆ ಬಿಕ್ಕಿದಳು. “ನನಗೂ ಕೇಳಿಸ್ತು. ಬಟ್ಟೆ ಹರವ್ತಿದ್ದೆ. ಘಾಟು ಬರುತ್ತೆ ಅಂತ ಒಳಗೆ ಹೋಗಿ ಕಿಟಕಿ ಹಾಕ್ಕೊಂಡೆ. ಆಮೇಲೆ ಕುಟ್ಟೋ ಸದ್ದೇ ಬರ್ಲಿಲ್ಲ. ಯಾಕೋ ಬರ್ಲಿಲ್ವಲ್ಲ ಅಂತ ಅನ್ನಿಸಿದ್ದೂ ನಿಜ. ಒಂದು ಹೆಜ್ಜೆ ಇಟ್ಟು ನೋಡ್ಲಿಲ್ಲ ಪಾಪಿ ನಾನು.”

“ದಾರೀಲಿ ಹೋಗ್ತಾ ನಾನೂ ಕೇಳಿಸ್ಕೊಂಡೆ,” ಎಂದಿತು ಬಾಗಿಲ ಬಳಿಯ ಇನ್ನೊಂದು ದನಿ. “ಇವತ್ತು ಗ್ವಾಂಗ್‌ಪೇ ಮನೇಲಿ ಒಳ್ಳೆ ಊಟ ಅಂದ್ಕೊಂಡು ಹೋದೆ.”

ಹೈಯೆನ್ ಜಾಡಿ ಹಿಡಿದೇ ನಿಂತಿದ್ದಳು. ಅವಳಿಗೂ ಹೇಳಿದ್ದು ನಿದ್ದೆಯ ಕತೆಯನ್ನೇ. ಒಬ್ಬೊಬ್ಬರ ಮುಖವನ್ನೂ ಹೊಸಬರ ಮುಖ ನೋಡುವಂತೆ ನೋಡಿದಳು. ಲಾವೂ ಚಿಕ್ಕಪ್ಪ, ಪೆಂಗ್ ಅತ್ತೆ, ತನ್ನನ್ನು ಎತ್ತಿ ಆಡಿಸಿದವರು.

“ಎಲ್ಲರಿಗೂ ಕೇಳಿಸ್ತಾ?” ಎಂದಳು.

ಅವಳು ಖಾಲಿ ಜಾಡಿಯನ್ನು ಅಪ್ಪನ ಮುಂದೆ ನೆಲಕ್ಕಿಟ್ಟಳು. ಬೈದಿದ್ದರೆ ವಾಸಿಯಿತ್ತು ಎನಿಸಿತು ಗ್ವಾಂಗ್‌ಪೇಗೆ.

ಪುರೋಹಿತ ಹೊರಗಿನ ಬಿಸಿಲು ನೋಡಿ ಕೆಮ್ಮಲು ಹೋಗಿ ತಡೆದುಕೊಂಡ. “ಹೊತ್ತಾಗ್ತಾ ಇದೆ. ಮುಚ್ಚಳ...”

“ಮುಚ್ಚಳ ಅಲ್ಲೇ ಇರಲಿ.” ದೆಚಾವ್ ತಂಗಿಯ ಕೈಯನ್ನು ಮೆಲ್ಲಗೆ ಕೆಳಗಿಟ್ಟ. “ಗ್ವಾಂಗ್‌ಪೇ, ನಮ್ಮ ಮನೇಲಿ ಮೆಣಸಿನಕಾಯಿ ಒಬ್ಬರೇ ಸುಡಲ್ಲ. ಒಬ್ಬರು ಮಗುಚೋದು, ಇನ್ನೊಬ್ಬರು ಬೂದಿ ಉಜ್ಜೋದು. ನಾನು ಮಗುಚ್ತಿದ್ದೆ, ಇವಳು ಉಜ್ತಿದ್ಲು. ಕೆಮ್ಮು ಬಂದ್ರೆ ಇಬ್ಬರಿಗೂ ಬರೋದು. ನಿಮ್ಮನೇಲಿ ಇವಳ ಜೊತೆ ಯಾರು ಕೂರ್ತಿದ್ರು?”

ಗ್ವಾಂಗ್‌ಪೇ ಒಲೆಮನೆಯ ಕಡೆ ನೋಡಿದ.

“ಯಾರೂ ಇಲ್ಲ. ಸರಿ. ಅವಳು ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸು ಹೋಗು. ಅವಳ ಒಲೇಲಿ, ಅವಳ ಕಾಯಲ್ಲಿ. ಆ ಖಾರ ತಿಂದ ಮೇಲೆ ಹೇಳ್ತೀನಿ ಮುಚ್ಚಳ ಹಾಕೋದೋ ಬೇಡ್ವೋ ಅಂತ. ಮುಹೂರ್ತ ಹೋದ್ರೆ ಹೋಗಲಿ.”

*

ಮದುವೆಯಾಗಿ ಬಂದ ಹೊಸತು. ಯಿನ್‌ಫೆನ್ ಒಲೆಯ ಮುಂದೆ ಎರಡು ಗಿಡ್ಡ ಮಣೆ ಹಾಕಿ, “ಬಾ, ನೀನು ಉಜ್ಜು” ಎಂದು ಕರೆದಿದ್ದಳು. ಗ್ವಾಂಗ್‌ಪೇ ಮೀಸೆ ತಿರುವಿಕೊಂಡೇ ಬಂದು ಕೂತ. ಮೊದಲ ಕಾಯಿ ಬೂದಿಗೆ ಬಿದ್ದದ್ದೇ ತಡ, ಕಣ್ಣು ಮೂಗು ಒಂದಾಗಿ, ಮಣೆ ಒದ್ದು ಅಂಗಳಕ್ಕೆ ಓಡಿದ. ಯಿನ್‌ಫೆನ್ ಬಿದ್ದು ಬಿದ್ದು ನಕ್ಕಳು. ಎರಡನೆಯ ಸಲವೂ ಕರೆದಳು, ಮೂರನೆಯ ಸಲವೂ ಕರೆದಳು. ಅವನಿಗೆ ಪ್ರತಿ ಸಲ ಏನಾದರೊಂದು ಕೆಲಸವಿರುತ್ತಿತ್ತು. ಯಾವಾಗ ಕರೆಯುವುದನ್ನು ಬಿಟ್ಟಳೋ ಅವನಿಗೆ ನೆನಪಿಲ್ಲ. ಎರಡನೆಯ ಮಣೆಯ ಮೇಲೆ ಬುಟ್ಟಿ ಬಂದು ಕೂತಿತು.

*

ಬುಟ್ಟಿ ಈಗಲೂ ಅಲ್ಲೇ ಇತ್ತು. ಊಟದ ಅಡುಗೆಯೆಲ್ಲ ಅಂಗಳದಲ್ಲಿ ನಡೆದಿದ್ದರಿಂದ ಮೊನ್ನೆಯಿಂದ ಈ ಒಲೆಯನ್ನು ಯಾರೂ ಮುಟ್ಟಿರಲಿಲ್ಲ. ಗ್ವಾಂಗ್‌ಪೇ ಒಳಗೆ ಬಂದು ಬಾಗಿಲು ಹಾಕಿಕೊಂಡ. ಹಾಕಬೇಕೆಂದು ಯಾರೂ ಹೇಳಿರಲಿಲ್ಲ. ಅವಳು ಹಾಕಿಕೊಳ್ಳುತ್ತಿದ್ದಳು, ಅದಕ್ಕೆ ಹಾಕಿಕೊಂಡ.

ಇಕ್ಕಳದಲ್ಲಿ ಬೂದಿ ಕೆದಕಿದ. ಅವಳು ಹುಗಿದ ಕಾಯಿಗಳು ಹುಗಿದಲ್ಲೇ ಇದ್ದವು, ಒಂದೊಂದೂ ಇದ್ದಿಲಾಗಿ. ಆಕಾರ ಮಾತ್ರ ಹಾಗೇ ಇತ್ತು, ಮುಟ್ಟಿದರೆ ಪುಡಿ. ಎಂದೂ ಒಂದು ಕಾಯಿ ಕರಕಲು ಮಾಡಿದವಳಲ್ಲ. ಅವನ್ನೆಲ್ಲ ಒಂದೆಡೆ ಗುಡ್ಡೆ ಮಾಡಿದ.

ಆಮೇಲೆ ಸೌದೆ ಒಟ್ಟಿದ. ಕೆಂಡವಾಗುವ ತನಕ ಕಾದ. ಮೂಲೆಯ ರಾಶಿಯಿಂದ ಕಾಯಿ ತಂದ. ಬಣ್ಣದ್ದು ಯಾವುದು, ಘಮದ್ದು ಯಾವುದು, ಉರಿಯದ್ದು ಯಾವುದು? ಜೀವಮಾನವಿಡೀ ತಿಂದವನಿಗೆ ಗೊತ್ತಾಗಲಿಲ್ಲ. ಕೈಗೆ ಸಿಕ್ಕಿದ್ದನ್ನು ತಂದ. ಜೇಬಿನಲ್ಲಿದ್ದ, ಬೆಳಿಗ್ಗೆ ಅವಳ ಹೆಗಲ ಬಳಿ ಸಿಕ್ಕ ಕಾಯನ್ನೂ ಅದರೊಂದಿಗೆ ಬೂದಿಗೆ ಹುಗಿದ.

ಘಾಟು ಮೊದಲು ಮೂಗಿಗೆ ಬಂತು, ಆಮೇಲೆ ಕಣ್ಣಿಗೆ, ಆಮೇಲೆ ಎದೆಗೆ. ಏಳಬಾರದೆಂದು ಮಣೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಒಂದು ಕೆಮ್ಮು ಬಂತು. ಇನ್ನೊಂದು ಬಂತು. ಆಮೇಲೆ ತಡೆಯಲಾಗಲಿಲ್ಲ. ಉಸಿರು ಒಳಗೆ ಎಳೆದರೆ ಘಾಟು, ಬಿಟ್ಟರೆ ಕೆಮ್ಮು. ಇಷ್ಟು ವರ್ಷ ಇವಳು ಇದರೊಳಗೆ ಹೇಗೆ ಕೂತಿದ್ದಳಪ್ಪಾ ಎಂದು ದಿಗಿಲಾಯಿತು. ಕೆಮ್ಮಿನ ನಡುವೆಯೇ, ಏನೂ ಕಾಣದ ಕಣ್ಣಲ್ಲಿ, ಇಕ್ಕಳ ತಡಕಾಡಿ ಮಗುಚಿದ.

ಅಂಗಳದಲ್ಲಿ ಬಟ್ಟಲುಗಳ ಸದ್ದಿತ್ತು, ಜಾಗಟೆಯಿತ್ತು, ಸಾರಾಯಿ ಸುರಿಯುವವರ ಉಪಚಾರದ ಮಾತಿತ್ತು. ಅವನು ಕೆಮ್ಮುತ್ತಿದ್ದಂತೆ ಅದೆಲ್ಲ ಒಂದೊಂದಾಗಿ ನಿಂತಿತು. ಮಾತು ನಿಂತಿತು. ಜಾಗಟೆ ನಿಂತಿತು. ಯಾರೂ ನಗಲಿಲ್ಲ. ಬೆಂಚೊಂದು ಉರುಳಿ ಬಿದ್ದ ಸದ್ದಾಯಿತು. ಆಮೇಲೆ ಕಾಲುಗಳು, ಒಂದು ಜೊತೆಯಲ್ಲ, ಹಲವು, ಕಲ್ಲಿನ ಮೇಲೆ ದಡದಡ ಓಡಿ ಬಂದವು.

“ಅಣ್ಣಾ! ಬಾಗಿಲು ತೆಗಿ!” ಲಾವೂ ಹುಚ್ಚು ಹಿಡಿದವನಂತೆ ಬಡಿಯುತ್ತಿದ್ದ. “ಅಣ್ಣಾ, ತೆಗಿಯೋ!”

“ಅಪ್ಪಾ!”

ಅವನು ಉತ್ತರ ಕೊಡಲು ಹೋದ, ಕೆಮ್ಮೇ ಬಂತು.

“ಪಕ್ಕಕ್ಕೆ ಸರೀರಿ,” ಎಂದಿತು ಮುದಿ ದನಿಯೊಂದು. ಹಳೆಯ ಮನೆಯ ಹಳೆಯ ಬಾಗಿಲು, ಕುಣಿಯಲ್ಲಿ ಕೂತು ತಿರುಗುವಂಥದು. ದೆಚಾವ್ ಅದರ ಕೆಳಗೆ ತನ್ನ ಕೋಲು ತೂರಿಸಿ ಮೀಟಿದ, ಲಾವೂ ಹೆಗಲು ಕೊಟ್ಟ. ಬಾಗಿಲು ಕುಣಿಯಿಂದ ಕಿತ್ತು ಹೊರಗೆ ವಾಲಿತು. ಇಬ್ಬರೂ ಸೇರಿ ಅದನ್ನು ಎತ್ತಿಕೊಂಡು ಹೋಗಿ ಅಂಗಳದ ಗೋಡೆಗೆ ಒರಗಿಸಿದರು.

ಬೆಳಕು ಒಳಗೆ ಬಿತ್ತು. ದೆಚಾವ್ ಕೆಮ್ಮುತ್ತಲೇ ಬಂದು, ಎರಡನೆಯ ಮಣೆಯ ಮೇಲಿನ ಬುಟ್ಟಿಯನ್ನು ಕೆಳಗಿಟ್ಟು, ಗ್ವಾಂಗ್‌ಪೇಯ ಪಕ್ಕ ಕೂತ. ಇಕ್ಕಳ ಕಿತ್ತುಕೊಂಡ.

“ಸೀದುಹೋಗ್ತಾ ಇದೆ, ಕಾಣಲ್ವಾ? ನಾನು ಮಗುಚ್ತೀನಿ. ನೀನು ಉಜ್ಜು.”

ಗ್ವಾಂಗ್‌ಪೇ ಬಿಸಿ ಕಾಯನ್ನು ಅಂಗೈಯಲ್ಲಿ ಹಿಡಿದು ಬಟ್ಟೆಯಿಂದ ಉಜ್ಜಿದ. ಹೈಯೆನ್ ಬಂದು ಒರಳಿನ ಮುಂದೆ ಕೂತಳು. ಅಪ್ಪನ ಮುಖ ನೋಡಲಿಲ್ಲ, ಅವನು ಉಜ್ಜಿ ಕೊಟ್ಟ ಕಾಯಿಗೆ ಕೈ ಮಾತ್ರ ಚಾಚಿದಳು. ಬಾಗಿಲಿಲ್ಲದ ಬಾಗಿಲ ತುಂಬ ಬಿಳಿ ತಲೆವಸ್ತ್ರದವರು ನಿಂತಿದ್ದರು, ಲಾವೂ, ಪೆಂಗ್ ಅತ್ತಿಗೆ, ಪುರೋಹಿತ, ರಾನ್ ಮನೆತನದವರು, ಮೂಗು ಸೋರುತ್ತ, ಕಣ್ಣು ಉಜ್ಜಿಕೊಳ್ಳುತ್ತ. ಒಬ್ಬರೂ ಆಚೆ ಹೋಗಲಿಲ್ಲ.

ಘಾಟು ಅವರ ತಲೆಗಳ ಮೇಲಿಂದ ಹಾದು ಅಂಗಳ ದಾಟಿ ನಡುಮನೆಗೆ ನುಗ್ಗಿತು. ಮುಚ್ಚಳ ತೆರೆದ ಪೆಟ್ಟಿಗೆಯಲ್ಲಿ ಮಲಗಿದ್ದ ಒಬ್ಬಳನ್ನು ಬಿಟ್ಟು ಎಲ್ಲರೂ ಕೆಮ್ಮುತ್ತಿದ್ದರು.